ಎಂಬತ್ತೆಂಟು ಮನೆಯ ಊರು

ನಾನು ವಿಲ್ಮಾ. ಪಿಯಾನೊಗೆ ಶ್ರುತಿ ಕೂಡಿಸುವವಳು.
ಸೆಗೆದ್ ಊರಿನ ಹಳೆಯ ಸಭಾಂಗಣದಲ್ಲಿ, ಜನವರಿಯಲ್ಲಿ,
ತಿಸಾ ನದಿಯ ಮೇಲೆ ಹೊಗೆಯಂಥ ಮಂಜು ಕೂತಿರುವಾಗ
ಕೋಟು ಬಿಚ್ಚದೆಯೇ ಅದರ ಹೊಟ್ಟೆಯೊಳಗೆ ತಲೆಯಿಡುತ್ತೇನೆ.
ಇನ್ನೂರಿಪ್ಪತ್ತು ಚಿಲ್ಲರೆ ತಂತಿ, ಎಂಬತ್ತೆಂಟು ಮನೆ.
ಒಂದೊಂದರ ಬಾಗಿಲೂ ಬಡಿದು ವಿಚಾರಿಸಬೇಕು:
ಹೇಗಿದ್ದೀಯಪ್ಪಾ, ಗಂಟಲು ಕಟ್ಟಿದೆಯೇನು?

ಮೊದಲ ವರ್ಷ ಲೋರಾಂತ್ ಹಲ್ಮೋಶ್ ಬಂದು
ಟೋಪಿ ಕೈಯಲ್ಲಿ ಹಿಡಿದು, ಸಾಲ ಕೇಳುವವನ ದನಿಯಲ್ಲಿ,
"ನಡುವಿನ ಆ ಕಪ್ಪು ಮನೆ ಒಂಚೂರು ಕೆಡಿಸಿಕೊಡಿ,
ಜನ ನಗುತ್ತಾರೆ" ಅಂದ.
"ಕೆಡಿಸುವುದಕ್ಕೆ ನಾನ್ಯಾಕೆ? ಒಂದು ಇಲಿ ಸಾಕು" ಅಂದೆ.
ಆ ಮಾತನ್ನು ಅಂದೇ ರಾತ್ರಿ ವೇದಿಕೆಯಲ್ಲಿ ಆಡಿದ.
ಎರಡು ಸಲ ಚಪ್ಪಾಳೆ. ನನಗೆ ಕೂಲಿ ಕೊಡಲಿಲ್ಲ.

ಪರದೆಯ ಹಿಂದೆ ನಿಂತು ನೋಡಿದೆ.
ಸ್ಟೂಲು ತಗ್ಗು. ಎದ್ದ. ಸ್ವರಲಿಪಿಯ ದಪ್ಪ ಹೊತ್ತಗೆ ಅಡಿಗಿಟ್ಟು ಕೂತ.
ಈಗ ನೋಡಿ ನುಡಿಸಲು ಹೊತ್ತಗೆಯಿಲ್ಲ. ಮತ್ತೆ ಎದ್ದ.
ಕೊನೆಗೊಂದು ವಾಲ್ಟ್ಜ್ ಶುರುಮಾಡಿದ ನೋಡಿ,
ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ.
ಮೂರನೇ ಸಾಲಿನ ಹೆಂಗಸು ಕರವಸ್ತ್ರಕ್ಕೆ ಕೈಹಾಕಿದಳು.
ಅಷ್ಟರಲ್ಲಿ ಬಲಗೈ ಏರುತ್ತ, ಏರುತ್ತ,
ಮನೆಗಳೆಲ್ಲ ಮುಗಿದು, ಊರು ದಾಟಿ,
ಗಾಳಿಯಲ್ಲೂ ನಾಲ್ಕು ಸ್ವರ ನುಡಿಸಿ ದೊಪ್ಪನೆ ಬಿತ್ತು.
ಹಿಂದೆಯೇ ಅವನೂ.
ಎದ್ದು ಮೀಸೆ ಮುಟ್ಟಿ ನೋಡಿಕೊಂಡ: ಮಣ್ಣಾಗಿಲ್ಲ.
ಕೂತ. ಬಿಟ್ಟಲ್ಲಿಂದಲೇ, ತಾಳವೊಂದೂ ಕಳೆಯದೆ.

ಅವತ್ತು ಹೊಳೆಯಿತು:
ತಪ್ಪು ಬಾಗಿಲು ತಟ್ಟುವವನಿಗೆ
ಇಡೀ ಊರಿನ ವಿಳಾಸ ಬಾಯಿಪಾಠವಿರಬೇಕು.

ಪ್ರತಿ ವರ್ಷ ಅದೇ ಸ್ಟೂಲು. ಅದೇ ಬೀಳು.
"ಈಗ ಬೀಳ್ತಾನೆ" ಎಂದು ಮೊಮ್ಮಕ್ಕಳಿಗೆ ಪಿಸುಗುಟ್ಟಲೆಂದೇ
ಮೊಮ್ಮಕ್ಕಳನ್ನು ಕರೆತರುತ್ತಾರೆ.
ಈ ಊರಿನ ಅರ್ಧ ಜನಕ್ಕೆ ಬುಧವಾರ ನಾಲ್ಕು ಗಂಟೆಯಿತ್ತು.
ಎತೆಲ್ಕಾ ಟೀಚರಿದ್ದರು. ಅವರ ಅಡಿಕೋಲಿತ್ತು.
ಗೆಣ್ಣುಗಳು ಮರೆಯುವುದಿಲ್ಲ.
ಲೋರಾಂತ್ ಅಪಸ್ವರ ಬಾರಿಸಿ, ಬೆಚ್ಚಿ,
ಎಡಕ್ಕೆ, ಯಾರೂ ಇಲ್ಲದ ಗಾಳಿಗೆ ತಲೆಯೆತ್ತಿ ನೋಡುತ್ತಾನಲ್ಲ,
ಆಗ ಮೊದಲು ನಗುವುದು
ಮಡಿಲಲ್ಲಿ ಮಡಚಿಟ್ಟ ಬೆರಳುಗಳು. ಆಮೇಲೆ ಬಾಯಿ.

ಆಚೆ ವರ್ಷ ಒಂದು ತಪ್ಪು ಬಂತು.
ಜನ ನಕ್ಕರು. ನನಗೆ ನಗು ಬರಲಿಲ್ಲ.
ಅದರಲ್ಲಿ ತುಂಟತನವಿರಲಿಲ್ಲ,
ಕತ್ತಲಲ್ಲಿ ಸ್ವಂತ ಮನೆಯ ಬೀಗ ತಡಕುವವನ ಕೈಯಿತ್ತು.
ಅವನು ಪರದೆಯತ್ತ ನೋಡಿದ.
ನಾನು ಚೀಲದೊಳಗೇನೋ ಹುಡುಕಿದೆ.

ಹೋದ ವರ್ಷ ಮಧ್ಯಾಹ್ನ ಮತ್ತೆ ಟೋಪಿ ಕೈಯಲ್ಲಿ.
"ಆ ಕಪ್ಪು ಮನೆ, ವಿಲ್ಮಾ. ಒಂಚೂರು.
ಏನು ತಪ್ಪಿದರೂ ಆಮೇಲೆ ಪಿಯಾನೊದ್ದೇ ಅನ್ನಬಹುದು."
ಇಲಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.
ಮೂವತ್ತೊಂದು ವರ್ಷ ಬಿಗಿದೇ ಗೊತ್ತಿದ್ದ ಕೈ
ಕೂದಲೆಳೆಯಷ್ಟು ಸಡಿಲಿಸಿತು.

ಆ ರಾತ್ರಿ ಅವನು ಆ ಮನೆಯನ್ನು ಮುಟ್ಟಲೇ ಇಲ್ಲ.
ಸುತ್ತಿ ಬಳಸಿ, ಹಾರಿ, ಮೊಣಕೈಯೆತ್ತಿ ದಾಟಿ,
ನಾಯಿಯಿರುವ ಮನೆಯ ಮುಂದೆ ಹುಡುಗರು ನಡೆವ ಹಾಗೆ
ತುದಿಗಾಲಲ್ಲಿ ಇಡೀ ವಾಲ್ಟ್ಜ್ ಮುಗಿಸಿದ.
ಜನ ಕುರ್ಚಿ ಹಿಡಿದುಕೊಂಡು ನಕ್ಕರು.
ಎದ್ದು ಹೊರಟವನು ತಿರುಗಿ ಬಂದು
ಒಂದೇ ಬೆರಳಲ್ಲಿ ಅದನ್ನೊತ್ತಿದ.
ಕೊಂಕಾದ ದನಿ ಸಭೆಯ ತುಂಬ ನಿಂತಿತು.
ಯಾರೂ ಕೆಮ್ಮಲಿಲ್ಲ.
ಅವನು ಎಡಕ್ಕೆ ನೋಡಲೂ ಇಲ್ಲ.

ಮರುದಿನ ತಂತಿ ಬಿಗಿಯಲು ಹೋದರೆ
ಸುತ್ತಿಗೆಗಳ ಸಂದಿಯಲ್ಲಿ ಒಂದು ಲಕೋಟೆ:
"ಇಲಿಗೆ. ವರ್ಷಕ್ಕೆ ಐನೂರು ಫೋರಿಂಟಿನಂತೆ, ಇಪ್ಪತ್ತಾರು ವರ್ಷ."
ನೆಲದ ಮೇಲೆ ಕೂತು ನೋಟು ಎಣಿಸಿದೆ.
ಮತ್ತೊಮ್ಮೆ ಎಣಿಸಿದೆ.
ಇಪ್ಪತ್ತೈದೇ. ಕಳ್ಳ.